ನಿಮ್ಮ ಶಾಸಕರಿಗೆ ನಾನು ಕೊಟ್ಟ ಮೂವತ್ತೈದು ಅಂಕ

ಮಾನ್ಯ ರಾಜ್ಯಾಧ್ಯಕ್ಷರೇ,

ನಿಮ್ಮ ಪಕ್ಷದ ಶಾಸಕರೊಬ್ಬರಿಗೆ ನಾನು ನೂರಕ್ಕೆ ಮೂವತ್ತೈದು ಅಂಕ ಕೊಟ್ಟಿದ್ದೇನೆ. ಕೊಡುತ್ತೇನೆಂದು ನಾನಾಗಿ ಬಂದವಳಲ್ಲ, ಕೇಳಿದ್ದು ನಿಮ್ಮ ಕಚೇರಿಯವರೇ. ಈಗ ಆ ಅಂಕವನ್ನು ಹಿಂದಕ್ಕೆ ಪಡೆಯಬೇಕಾಗಿದೆ. ಅದಕ್ಕೆ ನಿಮ್ಮಲ್ಲಿ ಯಾವ ನಮೂನೆಯ ಅರ್ಜಿ ಇದೆ, ಎಷ್ಟನೇ ಮಹಡಿಯಲ್ಲಿ ಯಾರಿಗೆ ಕೊಡಬೇಕು ಎಂಬುದು ಗೊತ್ತಿಲ್ಲದ್ದರಿಂದ ಹೀಗೆ ನಾಲ್ಕು ಜನ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ. ಯಾವ ಪಕ್ಷ, ಯಾವ ಶಾಸಕರು ಎಂದು ಹೆಸರು ಹಾಕಿಲ್ಲ. ಭಯದಿಂದ ಅಂತ ತಿಳಿಯಬೇಡಿ. ಅರವತ್ತಾರು ವಯಸ್ಸಿನ, ಮಂಡಿ ಸವೆದ ಹೆಂಗಸಿಗೆ ಭಯಪಡುವುದಕ್ಕೂ ಒಂದಿಷ್ಟು ತ್ರಾಣ ಬೇಕು. ಎಲ್ಲ ಪಕ್ಷಗಳ ಅಧ್ಯಕ್ಷರೂ ಇದು ತಮಗೇ ಬರೆದದ್ದೆಂದು ಓದಿಕೊಳ್ಳಲಿ ಎಂಬ ಆಸೆ ಅಷ್ಟೆ.

ನಾನು ಯಾರೆಂದು ಮೊದಲು ಹೇಳಿಬಿಡುತ್ತೇನೆ. ರಾಜಾಜಿನಗರದ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಕಲಿಸಿದೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ಕಪ್ಪು ಹಲಗೆಯ ಮೇಲೆ ಮೂರು ಚೌಕ ಎಳೆದು, ಶಾಸಕರ ಕರ್ತವ್ಯಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದವಳು. ಗೃಹಪ್ರವೇಶದಲ್ಲಿ ಫೋಟೋ ತೆಗೆಸಿಕೊಳ್ಳುವುದು ಆ ಪಟ್ಟಿಯಲ್ಲಿ ಇರಲಿಲ್ಲ. ನಮ್ಮ ಪಠ್ಯಪುಸ್ತಕ ಹಳೆಯದಿರಬೇಕು. ಇದರ ಜೊತೆಗೆ ಇಪ್ಪತ್ತೆರಡು ಬೇಸಿಗೆಗಳಲ್ಲಿ ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೋಗಿದ್ದೇನೆ. ಫ್ಯಾನು ತಿರುಗಿದರೆ ಉತ್ತರಪತ್ರಿಕೆ ಹಾರುತ್ತದೆ, ನಿಲ್ಲಿಸಿದರೆ ನಾವು ಬೇಯುತ್ತೇವೆ ಎಂಬಂಥ ಹಾಲಿನಲ್ಲಿ ದಿನಕ್ಕೆ ಇಷ್ಟು ಪತ್ರಿಕೆ ಎಂದು ಕೂತು ತಿದ್ದಿದ್ದೇವೆ. ಒಬ್ಬ ಹುಡುಗನ ಅಂಕ ಕೂಡಿದಾಗ ಮೂವತ್ತೊಂದೋ ಮೂವತ್ತೆರಡೋ ಬಂದರೆ ಕೆಂಪು ಪೆನ್ನು ತಾನಾಗಿ ನಿಂತುಬಿಡುತ್ತಿತ್ತು. ಮತ್ತೆ ಮೊದಲ ಪುಟಕ್ಕೆ ಹೋಗಿ, ಅರ್ಧ ಸರಿಯಿದ್ದ ಉತ್ತರಕ್ಕೆ ಅರ್ಧ, ನಕ್ಷೆಯಲ್ಲಿ ನರ್ಮದೆಯನ್ನು ತುಸು ಕೆಳಗೆ ಹರಿಸಿದ್ದಕ್ಕೂ ಅರ್ಧ, ಪ್ರಶ್ನೆಯನ್ನೇ ಅಂದವಾಗಿ ನಕಲು ಮಾಡಿದ್ದಕ್ಕೆ ಏನೂ ಇಲ್ಲದಿದ್ದರೂ ಒಂದು ನಿಟ್ಟುಸಿರು, ಹೀಗೆ ಹುಡುಕಿ ಹುಡುಕಿ ಮೂವತ್ತೈದಕ್ಕೆ ತಂದು ನಿಲ್ಲಿಸುತ್ತಿದ್ದೆವು. ಒಂದು ವರ್ಷ ಹಾಳಾಗದಿರಲಿ ಎಂಬ ಕಳಕಳಿ. ನಮ್ಮ ಕಾಲದಲ್ಲಿ ಪಾಸಾಗಲು ಬೇಕಿದ್ದದ್ದು ಮೂವತ್ತೈದು. ಆ ಹಾಲಿನಲ್ಲಿ ಕೂತವರ ಭಾಷೆಯಲ್ಲಿ ಅದು ಹೊಗಳಿಕೆಯಾಗಿರಲಿಲ್ಲ. ಇವನಿಗೆ ಏನೂ ಬಂದಿಲ್ಲ, ಆದರೂ ಹೋಗಲಿ ಬಿಡಿ ಎಂಬುದನ್ನೇ ನಾವು ಅಂಕದಲ್ಲಿ ಹಾಗೆ ಬರೆಯುತ್ತಿದ್ದೆವು.

ಕಳೆದ ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಫೋನು ಬಂತು. ಊಟ ಮುಗಿಸಿ, ನಮ್ಮ ಯಜಮಾನರು ಸೇತುರಾಮ್ ಪೇಪರನ್ನು ಮುಖದ ಮೇಲೆ ಹಾಕಿಕೊಂಡು ಒರಗಿದ್ದರು.

“ಮೇಡಂ, ನಾನು ರಾಗಿಣಿ ಮಾತಾಡ್ತಾ ಇದೀನಿ. ನಿಮ್ಮ ಎಮ್ಮೆಲ್ಲೆ ಅವರ ಪರ್ಫಾರ್ಮೆನ್ಸ್ ಬಗ್ಗೆ ಪಕ್ಷದ ಕಡೆಯಿಂದ ಫೀಡ್‌ಬ್ಯಾಕ್ ತಗೋತಾ ಇದೀವಿ. ಎರಡು ನಿಮಿಷ ಅಷ್ಟೇ. ನಿಮ್ಮ ಹೆಸರು ಕಾನ್ಫಿಡೆನ್ಷಿಯಲ್ ಆಗಿರತ್ತೆ.”

ಸುಳ್ಳು ಹೇಳುವುದಿಲ್ಲ, ನನಗೆ ಸಂತೋಷವೇ ಆಯಿತು. ಆರಿಸಿ ಕಳಿಸಿದ ಮೇಲೆ ಇವರು ಏನು ಮಾಡುತ್ತಿದ್ದಾರೆ ಎಂದು ಕೇಳುವವರು ಮೇಲೆ ಯಾರೋ ಇದ್ದಾರಲ್ಲ ಎಂದುಕೊಂಡೆ. ಕನ್ನಡಕ ಹಾಕಿಕೊಂಡು ನೆಟ್ಟಗೆ ಕೂತೆ. ಫೋನಿನಲ್ಲಿ ಮಾತಾಡಲು ಕನ್ನಡಕ ಯಾಕೆ ಎಂದು ಯಜಮಾನರು ಪೇಪರಿನ ಕೆಳಗಿನಿಂದಲೇ ಕೇಳಿದರು.

ಪ್ರಶ್ನೆಗಳು ಐದು. ಶಾಸಕರು ನಿಮ್ಮ ಏರಿಯಾಗೆ ಬರುತ್ತಾರಾ? ಮದುವೆ, ಗೃಹಪ್ರವೇಶ, ಸಾವು ನೋವುಗಳಿಗೆ ಬರುತ್ತಾರಾ? ಫೋನ್ ಮಾಡಿದರೆ ಅವರ ಕಡೆಯವರು ಎತ್ತುತ್ತಾರಾ? ಅವರ ಪೇಜನ್ನು ನೀವು ಫಾಲೋ ಮಾಡುತ್ತೀರಾ? ಕೊನೆಯದಾಗಿ, ಒಟ್ಟಾರೆ ನೂರಕ್ಕೆ ಎಷ್ಟು ಅಂಕ? ಮೊದಲ ಮೂರಕ್ಕೆ ಹೌದು ಎಂದೆ. ನಿಜವಾಗಿಯೂ ಹೌದು. ನಿಮ್ಮ ಶಾಸಕರು ಬರುವಷ್ಟು ನಮ್ಮ ಮನೆಗೆ ನನ್ನ ತಮ್ಮನೂ ಬರುವುದಿಲ್ಲ. ನಾಲ್ಕನೆಯದಕ್ಕೆ ಇಲ್ಲ ಎಂದೆ. ಐದನೆಯದಕ್ಕೆ ಮುಂಚೆ ಕೇಳಿದೆ:

“ಏನಮ್ಮಾ, ಕಾಲುಸೇತುವೆ ವಿಷಯ ಎಲ್ಲಿ ಹೇಳ್ಲಿ?”

“ಅದಕ್ಕೆ ಕಾಲಮ್ ಇಲ್ಲ ಮೇಡಂ.”

“ಇತರೆ ಅಂತ ಒಂದು ಇರಬೇಕಲ್ಲ?”

“ಇಲ್ಲ ಮೇಡಂ. ಸಾರಿ ಮೇಡಂ. ನೂರಕ್ಕೆ ಎಷ್ಟು ಅಂತ ಹೇಳಿಬಿಡಿ, ನನಗೆ ಇವತ್ತಿನ ಟಾರ್ಗೆಟ್ ಇನ್ನೂ ತುಂಬಾ ಇದೆ.”

ನಿಮ್ಮ ಪಟ್ಟಿಯಲ್ಲಿ ಕಾಲಮ್ ಇಲ್ಲದ ಆ ವಿಷಯವನ್ನು ಇಲ್ಲಿ ಹೇಳುತ್ತೇನೆ, ಇಲ್ಲಿ ಜಾಗಕ್ಕೆ ಕೊರತೆಯಿಲ್ಲ. ಮಾಗಡಿ ರಸ್ತೆಯಿಂದ ಒಳಗೆ ಹೋದರೆ ಒಂದು ರಾಜಕಾಲುವೆ. ಆಚೆ ದಡದಲ್ಲಿ ವಠಾರದ ಮನೆಗಳು, ಈಚೆ ಕಾಮಾಕ್ಷಿಪಾಳ್ಯದ ಕಡೆ ಗಾರ್ಮೆಂಟ್ಸು. ನಡುವೆ ಎರಡು ದೊಡ್ಡ ಕಲ್ಲು ಚಪ್ಪಡಿ ಹಾಸಿದ್ದರು, ಜನ ಅದರ ಮೇಲೆ ದಾಟುತ್ತಿದ್ದರು. ಹೋದ ವರ್ಷ ಬೇಸಿಗೆಯಲ್ಲಿ ಹೂಳೆತ್ತಲು ಯಂತ್ರ ಇಳಿಸಬೇಕೆಂದು ಆ ಚಪ್ಪಡಿಗಳನ್ನು ಕಿತ್ತರು. ಹೂಳು ಎತ್ತಿದ್ದಾಯಿತು, ಯಂತ್ರ ಹೋದದ್ದೂ ಆಯಿತು. ಚಪ್ಪಡಿ ಮಾತ್ರ ತುಂಡಾಗಿ ಪಕ್ಕದಲ್ಲಿ ಬಿದ್ದಿದೆ, ಅದರ ಮೇಲೆ ಈಗ ಯಾರೋ ಬಟ್ಟೆ ಒಗೆಯುತ್ತಾರೆ. ದಾಟಲು ಉಳಿದಿರುವುದು ಕಾಲುವೆಗೆ ಅಡ್ಡಲಾಗಿ ಹೋಗಿರುವ ಒಂದು ಕಬ್ಬಿಣದ ಪೈಪು, ಎರಡು ಪಾದ ಒಟ್ಟಿಗೆ ಇಡಲಾಗದಷ್ಟು ಅಗಲದ್ದು. ಹಿಡಿದುಕೊಳ್ಳಲಿ ಎಂದು ಯಾರೋ ಪುಣ್ಯಾತ್ಮರು ಮೇಲೊಂದು ಕೇಬಲ್ ವೈರು ಕಟ್ಟಿದ್ದಾರೆ. ಮುಖ್ಯರಸ್ತೆ ಬಳಸಿ ಸುತ್ತಿ ಬಂದರೆ ಇಪ್ಪತ್ತೈದು ನಿಮಿಷ. ಗಾರ್ಮೆಂಟ್ಸಿನ ಗೇಟು ಎಂಟೂವರೆಗೆ ಮುಚ್ಚುತ್ತದೆ, ಐದು ನಿಮಿಷ ತಡವಾದರೂ ಅರ್ಧ ದಿನದ ರಜೆ ಹಾಕುತ್ತಾರೆ. ಬೆಳಿಗ್ಗೆ ಎದ್ದು ಅಡುಗೆ ಮಾಡಿ, ಮಕ್ಕಳನ್ನು ಹೊರಡಿಸಿ, ನೀರು ಹಿಡಿದು ಹೊರಡುವ ಹೆಂಗಸರು ಇಪ್ಪತ್ತೈದು ನಿಮಿಷವನ್ನು ಎಲ್ಲಿಂದ ತರಬೇಕು? ಚಪ್ಪಲಿ ಕೈಯಲ್ಲಿ ಹಿಡಿದು ಪೈಪಿನ ಮೇಲೆಯೇ ದಾಟುತ್ತಾರೆ.

ಚಿಕ್ಕಗಂಗಮ್ಮ ಹಾಗೆ ದಾಟುತ್ತಿದ್ದವಳು. ಗಾರ್ಮೆಂಟ್ಸಿನಲ್ಲಿ ಟೈಲರು, ಸಂಜೆ ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದಳು. ಹದಿನೇಳು ವರ್ಷದಿಂದ ನನ್ನ ರವಿಕೆಗಳೆಲ್ಲ ಅವಳ ಕೈಯವೇ. ನಾನು ದಪ್ಪಗಾದದ್ದನ್ನು ನನಗೆ ನೋವಾಗದ ಹಾಗೆ ಹೇಳಲು ಬರುತ್ತಿದ್ದದ್ದು ಅವಳೊಬ್ಬಳಿಗೇ. “ಮೇಡಂ, ಬಟ್ಟೆ ಒಗೆದು ಒಗೆದು ಕುಗ್ಗಿದೆ, ಒಂದಿಂಚು ಬಿಡ್ತೀನಿ” ಎನ್ನುತ್ತಿದ್ದಳು. ಹೋದ ಸೆಪ್ಟೆಂಬರಿನಲ್ಲಿ ಇಡೀ ದಿನ ಸುರಿದ ಮಳೆಯ ಮರುದಿನ ಬೆಳಿಗ್ಗೆ ಆ ಪೈಪಿನಿಂದ ಜಾರಿದಳು. ನೀರಿಗೆ ಬೀಳಲಿಲ್ಲ, ಅಂಚಿನ ಕಾಂಕ್ರೀಟಿನ ಮೇಲೆ ಬಿದ್ದಳು. ಬಲಗೈ ಮಣಿಕಟ್ಟಿನ ಹತ್ತಿರ ಎರಡೂ ಮೂಳೆ ಮುರಿದವು. ಒಳಗೆ ಪ್ಲೇಟು ಕೂರಿಸಿದ್ದಾರೆ. ಗಾಯ ಮಾಗಿದೆ, ಬೆರಳು ಮಡಿಯುವುದಿಲ್ಲ. ಬೆರಳು ಮಡಿಯದೆ ಸೂಜಿಗೆ ದಾರ ಪೋಣಿಸುವುದು ಹೇಗೆ? ಈಗ ಗಾರ್ಮೆಂಟ್ಸಿನಲ್ಲಿ ಅದೇ ಸಾಲಿನ ಅದೇ ಮೆಷಿನ್ನಿನ ಮುಂದೆ ಅವಳ ಮಗಳು ಬಿಂದುಶ್ರೀ ಕೂರುತ್ತಾಳೆ. ಇಪ್ಪತ್ತು ವರ್ಷದ ಹುಡುಗಿ, ಪಿಯುಸಿ ಮುಗಿಸಿ ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದವಳು, ಬಿಟ್ಟಳು. ಅವಳೂ ಅದೇ ಪೈಪಿನ ಮೇಲೆ ದಾಟುತ್ತಾಳೆ. ಇನ್ನು ಐದಾರು ವಾರಕ್ಕೆ ಮಳೆಗಾಲ. ಇಷ್ಟು ಉದ್ದ ಪತ್ರ ಬರೆಯುತ್ತಿರುವುದು ಆ ಹುಡುಗಿಗೋಸ್ಕರ ಎಂದು ಈಗಲೇ ಹೇಳಿಬಿಟ್ಟರೆ ನಿಮಗೂ ಮುಂದೆ ಓದುವುದು ಸುಲಭವಾಗಬಹುದು.

ನಾನು ಸುಮ್ಮನೆ ಕೂತಿರಲಿಲ್ಲ. ಮೂರು ಅರ್ಜಿ ಕೊಟ್ಟೆ. ಮೂರಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಫೈಲು ಮಾಡಿಟ್ಟಿದ್ದೇನೆ, ಮೇಷ್ಟರ ಬುದ್ಧಿ. ಅಧಿಕಾರಿಗಳ ಕಚೇರಿಯಲ್ಲಿ ಶಾಸಕರ ಪತ್ರ ತನ್ನಿ ಎಂದರು. ಶಾಸಕರ ಕಚೇರಿಯಲ್ಲಿ ಅಧಿಕಾರಿಗಳಿಗೆ ಆಗಲೇ ಹೇಳಿದ್ದೇವೆ ಎಂದರು. ವಾರ್ಡಿಗೆ ಕಾರ್ಪೊರೇಟರ್ ಎಂಬವರು ಇಲ್ಲದೆ ವರ್ಷಗಳೇ ಕಳೆದಿವೆ. ನಾವು ವೋಟು ಹಾಕಿದವರಲ್ಲಿ ಕೂಗಿದರೆ ಕೇಳುವಷ್ಟು ಹತ್ತಿರ ಉಳಿದಿರುವುದು ನಿಮ್ಮ ಶಾಸಕರೊಬ್ಬರೇ.

ರಾಗಿಣಿ ಅಂಕ ಕೇಳಿದಾಗ ಇದೆಲ್ಲ ನನ್ನ ಮನಸ್ಸಿನಲ್ಲಿತ್ತು. ಫೇಲು ಮಾಡಬೇಕಿತ್ತು. ಆದರೆ ಇಪ್ಪತ್ತೆರಡು ವರ್ಷದ ಅಭ್ಯಾಸ ನೋಡಿ, ಪೆನ್ನು ಇಲ್ಲದಿದ್ದರೂ ಕೈ ನಿಂತಿತು. ಇನ್ನೊಬ್ಬರ ಮನೆಯ ಸಾವಿಗೆ ಬಂದು ನಿಲ್ಲುತ್ತಾರಲ್ಲ, ಅದಕ್ಕಿಷ್ಟು. ಕೆಟ್ಟ ಮಾತು ಆಡುವವರಲ್ಲ, ಅದಕ್ಕಿಷ್ಟು. ಹೀಗೆ ಹುಡುಕಿ ಹುಡುಕಿ ಮೂವತ್ತೈದು ಎಂದೆ. ಹೇಳುವಾಗ ನಾನು ಕಪಾಳಕ್ಕೆ ಬಿಗಿದೆನೆಂದೇ ಭಾವಿಸಿದ್ದೆ. ಒಬ್ಬ ಶಾಸಕನಿಗೆ ಮೂವತ್ತೈದು ಎಂದರೆ ಮೇಲೆ ಕೂತವರು ತಲೆ ತಗ್ಗಿಸುತ್ತಾರೆ, ಕರೆದು ವಿಚಾರಿಸುತ್ತಾರೆ ಎಂಬುದು ನನ್ನ ಲೆಕ್ಕವಾಗಿತ್ತು.

ಹದಿನೈದು ದಿನಕ್ಕೆ ಮನೆ ಬಾಗಿಲಿಗೆ ಭೈರೇಶ್ ಬಂದರು. ಭೈರೇಶ್ ಎಂದರೆ ಶಾಸಕರ ಕಚೇರಿಯ ಕೆಲಸ ನೋಡಿಕೊಳ್ಳುವವರು, ಮಲ್ಲತ್ತಹಳ್ಳಿಯ ಹಳೇ ಮನೆತನದ ಹುಡುಗ, ಒಳ್ಳೆಯ ಮನುಷ್ಯ. ಕೈಯಲ್ಲಿ ಹಣ್ಣಿನ ಬುಟ್ಟಿ, ಅದರ ಮೇಲೆ ಮಡಿಸಿದ ಶಾಲು.

“ಮೇಡಂ, ತುಂಬಾ ಥ್ಯಾಂಕ್ಸ್. ಸಾಹೇಬ್ರು ಹೇಳಿ ಕಳ್ಸಿದ್ರು. ನೀವು ಪಾಸ್ ಮಾಡಿದ್ರಿ.”

“ಯಾರನ್ನಪ್ಪಾ?”

“ಸಾಹೇಬ್ರನ್ನೇ. ಮೂವತ್ತೈದು ಕೊಟ್ರಲ್ಲಾ. ಮೂವತ್ತಮೂರಕ್ಕಿಂತ ಮೇಲೆ ಎಷ್ಟಿದ್ರೂ ಮೇಲ್ನೋರು ‘ತೃಪ್ತಿಕರ’ ಅಂತಾನೇ ಹಾಕ್ಕೋತಾರೆ. ನಿಮ್ಮ ಬ್ಲಾಕಲ್ಲಿ ಸ್ವಲ್ಪ ವೀಕ್ ಇದ್ವಿ, ನಿಮ್ಮಿಂದ ಸರಿಹೋಯ್ತು.”

ಗೌಪ್ಯ ಎಂದಿದ್ದ ಅಂಕ ಹಣ್ಣಿನ ಬುಟ್ಟಿಯ ಜೊತೆ ಮನೆಗೆ ಬಂದದ್ದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ನಮ್ಮ ಕಾಲದಲ್ಲಿ ಉತ್ತರಪತ್ರಿಕೆಯ ಮೇಲಿನ ಹುಡುಗನ ನಂಬರನ್ನು ಮರೆಮಾಡಿ ಕೊಡುತ್ತಿದ್ದರು. ಈಗ ನೀವು ಮೌಲ್ಯಮಾಪಕರ ವಿಳಾಸವನ್ನೇ ಅಭ್ಯರ್ಥಿಗೆ ಕೊಟ್ಟು ಕಳಿಸುತ್ತೀರಿ. ಒಳಗಿನಿಂದ ಯಜಮಾನರು, “ನೋಡ್ದ್ಯಾ, ನಿನಗ್ಯಾಕೆ ಬೇಕಿತ್ತು” ಎಂಬ ಮುಖ ಮಾಡಿಕೊಂಡು ಬಂದು, ಭೈರೇಶರಿಗೆ ಕಾಫಿ ಕೊಡುವಂತೆ ನನಗೇ ಹೇಳಿ, ಬುಟ್ಟಿಯಲ್ಲಿ ಯಾವ ಯಾವ ಹಣ್ಣಿದೆ ಎಂದು ನೋಡಿದರು.

ಕಾಫಿ ಕುಡಿಯುತ್ತಾ ಭೈರೇಶ್ ಬಂದ ನಿಜವಾದ ಕೆಲಸ ಹೇಳಿದರು. ಇನ್ನೊಂದು ಸುತ್ತು ಕರೆ ಬರುತ್ತದಂತೆ. ದಯವಿಟ್ಟು ಈ ಸಲ ಎಂಬತ್ತು ಎನ್ನಬೇಕಂತೆ. ನಾನು ಸೇತುವೆಯ ವಿಷಯ ಎತ್ತಿದೆ. ಅವರು ಜಾರಿಕೊಳ್ಳಲಿಲ್ಲ, ಅದು ಅವರ ದೊಡ್ಡತನ. ಸುಸ್ತಾದವರು ಸುಸ್ತಾದವರ ಹತ್ತಿರ ಮಾತಾಡುವ ಹಾಗೆ ಮಾತಾಡಿದರು.

“ಮೇಡಂ, ನಿಮ್ಮ ಹತ್ರ ಯಾಕೆ ಮುಚ್ಚಿಡ್ಲಿ. ಸಾಹೇಬ್ರು ಎರಡು ಸಲ ಎಂಜಿನಿಯರ್‌ನ ಕರೆಸಿದ್ರು. ಎಸ್ಟಿಮೇಟು, ಟೆಂಡರು, ಕಾಲುವೆ ಇನ್ನೊಬ್ರದು ಅಂತ ಅವರ ಒಪ್ಪಿಗೆ, ಎಲ್ಲಾ ಸೇರಿ ವರ್ಷದ ಮೇಲಾಗತ್ತೆ. ಅಲ್ಲಿ ತನಕ ಆ ಕೆಲ್ಸಕ್ಕೆ ನಮ್ಗೆ ಒಂದು ಪಾಯಿಂಟೂ ಇಲ್ಲ. ನಮ್ ರ‍್ಯಾಂಕ್ ಲಿಸ್ಟು ಮೂರು ತಿಂಗ್ಳಿಗೊಂದ್ಸಲ ಬರತ್ತೆ. ತಿಂಗ್ಳಿಗೆ ನಲವತ್ತು ಮನೆ ಭೇಟಿ ಆಗ್ಬೇಕು, ಫೋಟೋ ಲೊಕೇಶನ್ ಸಮೇತ ಹಾಕ್ಬೇಕು. ಮೊನ್ನೆ ಸಾಹೇಬ್ರು ಮೂರನೇ ಮಹಡಿ ಗೃಹಪ್ರವೇಶಕ್ಕೆ ಹತ್ತಿದ್ರು, ಲಿಫ್ಟ್ ಇಲ್ಲ. ಅವ್ರಿಗೂ ಮಂಡಿ ಹೋಗಿದೆ ಮೇಡಂ. ಮೆಟ್ಲು ಮೇಲೆ ಕೂತು ಕಣ್ಣಲ್ಲಿ ನೀರು ಹಾಕ್ಕೊಂಡ್ರು. ಕಳೆದ ಸಲ ನಾವು ಇಪ್ಪತ್ತೆಂಟನೇ ಪ್ಲೇಸಲ್ಲಿದ್ವಿ ಅಂತ ಮೀಟಿಂಗಲ್ಲಿ ಎಲ್ರ ಮುಂದೆ ನಿಲ್ಸಿದ್ರಂತೆ.”

ಮಂಡಿ ನೋವಿನ ಮಾತು ಬಂದಾಗ ನನಗೆ ಅಯ್ಯೋ ಎನ್ನಿಸಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಅಯ್ಯೋ ಎನ್ನಿಸಿತು. ಅಲ್ಲಿಯವರೆಗೆ ನಾನು ಶಾಸಕರನ್ನು ಬೈದುಕೊಳ್ಳುತ್ತಿದ್ದೆ. ಅವತ್ತು ಗೊತ್ತಾಯಿತು, ಅವರು ಕೆಲಸಗಳ್ಳರಲ್ಲ. ನೀವು ಕೊಟ್ಟ ಪ್ರಶ್ನೆಪತ್ರಿಕೆಗೆ ಹಗಲೆಲ್ಲ ಉತ್ತರ ಬರೆಯುತ್ತಲೇ ಇದ್ದಾರೆ. ಸೇತುವೆ ಎಂಬುದು ಆ ಪತ್ರಿಕೆಯಲ್ಲಿಲ್ಲ. ಪರೀಕ್ಷೆಗೆ ಬರುವುದಿಲ್ಲ ಎಂದು ಗೊತ್ತಿರುವ ಪಾಠವನ್ನು ಯಾವ ವಿದ್ಯಾರ್ಥಿ ಓದುತ್ತಾನೆ? ನಾನೇ ಓದಿಸುತ್ತಿರಲಿಲ್ಲವಲ್ಲ. ಇನ್‌ಸ್ಪೆಕ್ಟರು ಬರುವ ದಿನ ಗೊತ್ತಾದರೆ ಹಿಂದಿನ ವಾರ ಮುಗಿಸಿದ ಪಾಠವನ್ನೇ ಹೊಸದಾಗಿ ಮಾಡುವವಳ ಹಾಗೆ ಮಾಡಿ, ಮಕ್ಕಳು ಪಟಪಟ ಉತ್ತರ ಹೇಳುವಾಗ ಬೀಗುತ್ತಿದ್ದವಳು ನಾನು. ಹಾಗಾಗಿ ನಿಮಗೆ ಬುದ್ಧಿ ಹೇಳುವ ಯೋಗ್ಯತೆ ನನಗೂ ಅಷ್ಟಕ್ಕಷ್ಟೆ.

ಆದರೂ ಕೇಳುತ್ತೇನೆ ಅಧ್ಯಕ್ಷರೇ. ನಿಮ್ಮ ಶಾಸಕರ ಮೇಲೆ ನಿಮಗೆ ಹಿಡಿತವಿಲ್ಲ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಸದನದಲ್ಲಿ ಕೈ ಎತ್ತಬೇಕಾದ ದಿನ ನೀವು ವಿಪ್ ಕೊಟ್ಟರೆ ಜ್ವರ ಬಂದವರೂ ಎದ್ದು ಬರುತ್ತಾರೆ. ಸರ್ಕಾರ ಅಲುಗಾಡುವ ಹೊತ್ತಿಗೆ ನಿಮ್ಮ ಒಬ್ಬೊಬ್ಬ ಶಾಸಕರೂ ಯಾವ ರೆಸಾರ್ಟಿನ ಯಾವ ಕೋಣೆಯಲ್ಲಿದ್ದಾರೆ, ಬೆಳಿಗ್ಗೆ ಇಡ್ಲಿ ತಿಂದರೋ ದೋಸೆ ತಿಂದರೋ ನಿಮಗೆ ಗೊತ್ತಿರುತ್ತದೆ. ಅದೇ ಶಾಸಕರ ಕ್ಷೇತ್ರದಲ್ಲಿ ಕಿತ್ತ ಚಪ್ಪಡಿ ಒಂದು ವರ್ಷದಿಂದ ಎಲ್ಲಿ ಬಿದ್ದಿದೆ ಎಂಬುದು ಮಾತ್ರ ಗೊತ್ತಿರುವುದಿಲ್ಲ. ನಾಯಕರ ವಿರುದ್ಧ ಟಿವಿಯ ಮುಂದೆ ಅರ್ಧ ವಾಕ್ಯ ಆಡಿದರೆ ಸಂಜೆಯೊಳಗೆ ಕಾರಣ ಕೇಳಿ ನೋಟಿಸು ಹೋಗುತ್ತದೆ. ಒಂದು ಕಾಲುಸೇತುವೆ ಆಗಲಿಲ್ಲ ಎಂದು ನಿಮ್ಮ ಶಿಸ್ತು ಸಮಿತಿ ಯಾರಿಗಾದರೂ ಇವತ್ತಿನ ತನಕ ಕಾರಣ ಕೇಳಿದ್ದುಂಟೇ? ಪಕ್ಷಕ್ಕೆ ಮುಜುಗರ ತಂದವರ ಮೇಲೆ ಕ್ರಮ ಎನ್ನುತ್ತೀರಿ. ಜನ ಪೈಪಿನ ಮೇಲೆ ದಾಟುವುದು ನಿಮಗೆ ಮುಜುಗರದ ವಿಷಯವೇ ಅಲ್ಲವೇ?

ನೀವು ಶಾಸಕರನ್ನು ಅಳೆಯುವುದು ಬೇಡವೆನ್ನುತ್ತಿಲ್ಲ, ಅಳೆಯಬೇಕು. ಆದರೆ ನೀವು ಅಳೆಯುತ್ತಿರುವುದು ಜನರಿಗೆ ಅವರ ಮುಖ ಎಷ್ಟು ಸಲ ಕಾಣಿಸಿತು ಎಂಬುದನ್ನು. ಅದರಿಂದ ಏನಾಗಿದೆ ಗೊತ್ತೇ? ಚಿಕ್ಕಗಂಗಮ್ಮ ಬಿದ್ದ ನಾಲ್ಕನೇ ದಿನ ನಿಮ್ಮ ಶಾಸಕರು ಸೇಬು ಹಿಡಿದು ಅವಳ ಮನೆಗೆ ಹೋಗಿದ್ದರು. ಸುತ್ತಿ ಬಳಸಿ ಕಾರಿನಲ್ಲಿ ಹೋದರು ಅನ್ನಿ. ಅವಳ ಮುರಿದ ಕೈಯ ಪಕ್ಕ ಕೂತು ಫೋಟೋ ತೆಗೆಸಿಕೊಂಡರು. ಭೈರೇಶರನ್ನು ಕೇಳಿದೆ, ಆ ಭೇಟಿ ಯಾವ ಕಾಲಮ್ಮಿಗೆ ಹೋಯಿತು ಎಂದು. ಸಾವು ನೋವು ಎಂಬ ಕಾಲಮ್ಮಿಗೆ ಹೋಯಿತಂತೆ, ಅದಕ್ಕೆ ಪಾಯಿಂಟು ಬಂತಂತೆ. ಚಪ್ಪಡಿ ಇದ್ದಿದ್ದರೆ ಅವಳು ಬೀಳುತ್ತಿರಲಿಲ್ಲ, ಆ ಪಾಯಿಂಟೂ ಬರುತ್ತಿರಲಿಲ್ಲ. ನಿಮ್ಮ ಲೆಕ್ಕದಲ್ಲಿ ಸೇತುವೆ ಕಟ್ಟಿದ ಶಾಸಕ ಹಿಂದೆ ಬೀಳುತ್ತಾನೆ, ಸೇತುವೆ ಇಲ್ಲದೆ ಬಿದ್ದವರನ್ನು ಮಾತಾಡಿಸಿದ ಶಾಸಕ ಮುಂದೆ ಹೋಗುತ್ತಾನೆ. ಇದನ್ನು ಯಾರೋ ಬುದ್ಧಿವಂತರು ಕೂತು ಮಾಡಿರಬೇಕು, ನಮ್ಮಂಥವರಿಗೆ ಇಷ್ಟು ಹೊಳೆಯುವುದಿಲ್ಲ.

ಹೊರಡುವಾಗ ಭೈರೇಶ್ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದರು.

“ಮೇಡಂ, ತಪ್ಪು ತಿಳ್ಕೋಬೇಡಿ. ಆ ಚಿಕ್ಕಗಂಗಮ್ಮ ಇದಾರಲ್ಲಾ, ಬಿದ್ದೋರು, ಅವ್ರೇ ನೂರಕ್ಕೆ ನೂರು ಕೊಟ್ಟಿದಾರೆ. ಇಡೀ ಕ್ಷೇತ್ರದಲ್ಲಿ ಫುಲ್ ಮಾರ್ಕ್ಸ್ ಕೊಟ್ಟೋರು ಕೆಲವೇ ಜನ. ಕೈ ಮುರ್ಕೊಂಡೋರ್ಗೇ ತೃಪ್ತಿ ಇದೆ, ನಿಮಗೇನು ಮೇಡಂ?”

ಅವತ್ತೆಲ್ಲ ಕೋಪ. ನಿಮ್ಮ ಮೇಲಲ್ಲ, ಅವಳ ಮೇಲೆ. ನಾನು ಬಿಸಿಲಲ್ಲಿ ಮೂರು ಅರ್ಜಿ ಹಿಡಿದು ಅಲೆದದ್ದು ಯಾರಿಗೆ? ಇವಳು ನಾಲ್ಕು ಸೇಬಿಗೆ ನೂರು ಕೊಟ್ಟಳೇ? ಆಮೇಲೆ ಕೋಪ ಇಳಿದು ಬೇರೆ ಯೋಚನೆ ಬಂತು. ಹೆದರಿರಬೇಕು. ಅಥವಾ, ಪಾಪ, ದೊಡ್ಡ ಮನುಷ್ಯರು ಮನೆಗೆ ಬಂದು ಮಾತಾಡಿಸಿದರಲ್ಲ ಎಂಬ ಉಪಕಾರ ಸ್ಮರಣೆಯಿರಬೇಕು. ಬಡವರ ದಾಕ್ಷಿಣ್ಯದ ಮೇಲೆ ಒಂದು ಪ್ರಬಂಧವನ್ನೇ ಮನಸ್ಸಿನಲ್ಲಿ ಬರೆದೆ. ಕಲಿಸುವವರಿಗೆ ಇದೊಂದು ರೋಗ, ಎದುರಿಗಿದ್ದವರನ್ನು ಕೇಳುವ ಮೊದಲೇ ಅವರ ಪರವಾಗಿ ಉತ್ತರ ಬರೆದುಬಿಡುತ್ತೇವೆ.

ಮರುದಿನ ಬೆಳಿಗ್ಗೆ ತಿಂಡಿಗೂ ಮುಂಚೆ ಆಟೋ ಹಿಡಿದು ಮುಖ್ಯರಸ್ತೆ ಸುತ್ತಿ ಅವಳ ಮನೆಗೆ ಹೋದೆ. ಎಂಟು ಗಂಟೆ ದಾಟಿತ್ತು. ಚಿಕ್ಕಗಂಗಮ್ಮ ಹೊಸ್ತಿಲ ಮೇಲೆ ಕೂತಿದ್ದಳು. ಮಡಿಲಲ್ಲಿ ಗುಂಡಿ ಒತ್ತುವ ಹಳೇ ಫೋನು. ನನ್ನನ್ನು ಕಂಡರೆ ಓಡಿ ಬಂದು ಕೈ ಹಿಡಿಯುವವಳು ಅವತ್ತು ಏಳಲಿಲ್ಲ.

“ಬನ್ನಿ ಮೇಡಂ, ಕೂತ್ಕೊಳ್ಳಿ. ಒಂದೇ ನಿಮಿಷ.”

ಅಷ್ಟು ಹೇಳಿ ಮತ್ತೆ ಫೋನನ್ನೇ ನೋಡುತ್ತಾ ಕೂತಳು. ನಾನು ಏನೋ ಕೇಳಹೊರಟರೆ ಎಡಗೈ ಎತ್ತಿ ತಡೆದಳು. ನನಗೆ ಅವಮಾನವೇ ಆಯಿತು. ಪಕ್ಕದ ಮನೆಯವರ ಕುಕ್ಕರು ಕೂಗಿತು, ನಿಂತಿತು. ಆಮೇಲೆ ಅವಳ ಫೋನು ಒಂದು ಸಲ ರಿಂಗಾಗಿ ತಾನಾಗಿ ಕಟ್ಟಾಯಿತು. ಅವಳು ಎತ್ತಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು.

“ದಾಟಿದ್ಲು,” ಎಂದಳು. “ಈಗ ಹೇಳಿ ಮೇಡಂ. ಟೀ ಇಡ್ತೀನಿ ಇರಿ.”

ಬಿಂದುಶ್ರೀ ದಿನಾ ಪೈಪು ದಾಟಿ ಆಚೆ ಕಾಲಿಟ್ಟ ಕೂಡಲೇ ಅಮ್ಮನಿಗೆ ಮಿಸ್ಡ್ ಕಾಲ್ ಕೊಡುತ್ತಾಳಂತೆ. ಮಗಳು ಮನೆ ಬಿಟ್ಟ ಗಳಿಗೆಯಿಂದ ಅದು ಬರುವವರೆಗೆ ಇವಳು ಏಳುವುದಿಲ್ಲ, ಯಾರ ಹತ್ತಿರವೂ ಮಾತಾಡುವುದಿಲ್ಲ. ಒಂದು ದಿನ ಮಗಳ ಫೋನಿನಲ್ಲಿ ಚಾರ್ಜ್ ಇಲ್ಲದೆ ಕರೆ ಬರಲಿಲ್ಲ. ಇವಳು ಬರಿಗಾಲಲ್ಲಿ ಕಾಲುವೆಯ ತನಕ ಓಡಿ, ಆಚೆ ದಡದ ಅಂಗಡಿಯವನನ್ನು ಕೂಗಿ ಕೇಳಿ, ಆಮೇಲೆ ಅಲ್ಲೇ ಕುಸಿದು ಕೂತಳಂತೆ.

ಟೀ ಕೈಗೆ ಬಂದ ಮೇಲೆ ಮೆಲ್ಲಗೆ ಕೇಳಿದೆ. “ಗಂಗಮ್ಮಾ, ಎಮ್ಮೆಲ್ಲೆಗೆ ನೂರಕ್ಕೆ ನೂರು ಕೊಟ್ಟೆಯಂತೆ?”

ಅವಳಿಗೆ ನೆನಪಾಗಲು ಒಂದಿಷ್ಟು ಹೊತ್ತು ಬೇಕಾಯಿತು.

“ಯಾವ ನೂರು ಮೇಡಂ? ಓ, ಅದಾ! ಒಂದಿನ ಸರಿಯಾಗಿ ಇದೇ ಟೈಮಿಗೆ ಯಾವ್ದೋ ಹುಡ್ಗಿ ಫೋನ್ ಮಾಡಿದ್ಲು. ಕಟ್ಟಾಗ್ದೆ ಹೊಡ್ಕೋತಾನೇ ಇತ್ತು, ಇವಳಿಗೇ ಏನೋ ಆಯ್ತು ಅಂದ್ಕೊಂಡು ಎತ್ಬಿಟ್ಟೆ. ಎಷ್ಟು ಕೊಡ್ತೀರಾ, ಎಷ್ಟು ಕೊಡ್ತೀರಾ ಅಂತ ಬಿಡ್ತಾನೇ ಇಲ್ಲ. ಐವತ್ತು ಅಂದೆ. ಯಾಕೆ ಐವತ್ತು, ಏನು ಕಮ್ಮಿ ಆಯ್ತು ಅಂತ ಮತ್ತೆ ಶುರು ಮಾಡಿದ್ಲು. ನಂಗೆ ಜೀವ ಬಾಯಿಗೆ ಬಂದಿತ್ತು ಮೇಡಂ. ನೂರು ಅಂದ್ರೆ ಏನೂ ಕೇಳಲ್ವಲ್ಲಾ. ನೂರು ಹಾಕ್ಕೊಳಮ್ಮಾ, ನೂರಕ್ಕೆ ನೂರು ಹಾಕ್ಕೋ, ಫೋನ್ ಇಡು ಅಂದೆ. ಲೈನ್ ಖಾಲಿ ಆಗ್ಬೇಕಿತ್ತಲ್ಲಾ, ನನ್ ಮಗಳದು ಬರ್ಬೇಕಿತ್ತಲ್ಲಾ.”

ಅಧ್ಯಕ್ಷರೇ, ನಿಮ್ಮ ಬಳಿ ಇರುವ ಆ ನೂರು ಅಂಕ ಇದು. ನಿಮ್ಮ ಮುಂದಿನ ಸಭೆಯಲ್ಲಿ ಗೋಡೆಯ ಮೇಲೆ ಬಣ್ಣದ ಗೆರೆಗಳಾಗಿ ಏಳುವ ತೃಪ್ತಿಯಲ್ಲಿ ಇದೂ ಸೇರಿರುತ್ತದೆ. ನನ್ನ ಮೂವತ್ತೈದೂ ಸೇರಿರುತ್ತದೆ. ಒಬ್ಬಳು ಅಭ್ಯಾಸಬಲದಿಂದ ಕೊಟ್ಟಳು, ಇನ್ನೊಬ್ಬಳು ನೀವು ಫೋನು ಇಟ್ಟರೆ ಸಾಕೆಂದು ಕೊಟ್ಟಳು. ಉಳಿದವರು ಯಾಕೆ ಕೊಟ್ಟಿದ್ದಾರೋ, ಅವರವರ ಹೊಸ್ತಿಲಿಗೆ ಹೋಗಿ ಕೇಳುವ ಶಕ್ತಿ ನನಗಿಲ್ಲ. ನಿಮ್ಮ ಶಾಸಕರಿಗೆ ಟಿಕೆಟ್ ಕೊಡಿ, ಬಿಡಿ, ಮಂತ್ರಿ ಮಾ‌ಡಿ, ಅದು ನಿಮ್ಮ ಮನೆಯ ವಿಷಯ. ನನ್ನ ಮೂವತ್ತೈದನ್ನು ಮಾತ್ರ ಅಳಿಸಿಹಾಕಿ. ಅವರ ಮುಂದಿನ ಪರೀಕ್ಷೆಯಲ್ಲಿ ಒಂದೇ ಒಂದು ಪ್ರಶ್ನೆ ಸೇರಿಸಿ: ಜನ ಬರೆದು ಕೊಟ್ಟ ಕೆಲಸ ಆಯಿತೇ, ಇಲ್ಲವೇ? ಹೌದು ಅಥವಾ ಇಲ್ಲ ಎಂದರೆ ಸಾಕು, ಫೋಟೋ ಬೇಡ. ಆ ಕಾಲುವೆಗೆ ಮಳೆ ಬರುವುದರೊಳಗೆ ಎರಡು ಚಪ್ಪಡಿ ಹಾಸಿಸಿ. ಟೆಂಡರು ಆಗುವವರೆಗೆ ಹಲಗೆಯಾದರೂ ಹಾಕಿಸಿ, ಪಕ್ಕಕ್ಕೊಂದು ಹಿಡಿ ಕಟ್ಟಿಸಿ. ವಿಪ್ ಕೊಡಬೇಕಿದ್ದರೆ ಅದಕ್ಕೆ ಕೊಡಿ.

ಇದೂ ನಿಮ್ಮ ಕೈಲಾಗದಿದ್ದರೆ, ಕೊನೆಯ ಒಂದು ಬೇಡಿಕೆಯಿದೆ. ಇದಕ್ಕೆ ಎಸ್ಟಿಮೇಟು ಬೇಕಿಲ್ಲ, ಯಾರ ಒಪ್ಪಿಗೆಯೂ ಬೇಕಿಲ್ಲ. ಬೆಳಿಗ್ಗೆ ಎಂಟರಿಂದ ಎಂಟೂವರೆಯವರೆಗೆ ಆ ದಡದ ಯಾವ ಮನೆಗೂ ನಿಮ್ಮ ಕಚೇರಿಯಿಂದ ಫೋನು ಮಾಡಿಸಬೇಡಿ.

ಇಂತಿ,
ಯಾರನ್ನೂ ಫೇಲು ಮಾಡಲು ಬಾರದೆ ನಿವೃತ್ತಳಾದ,
ಜಲಜಾ
ಬಸವೇಶ್ವರನಗರ